ಮೂರನೇ ಗುದ್ದಲಿ ಪೂಜೆ, ನಾಲ್ಕು ಹೊಸ ಗುಂಡಿ

ಮಾನ್ಯ ಸಂಪಾದಕರೇ,

ಗುರುವಾರದ ಸಂಚಿಕೆಯಲ್ಲಿ ‘ರಸ್ತೆ ಅಭಿವೃದ್ಧಿಗೆ ಚಾಲನೆ’ ಎಂಬ ವರದಿಯನ್ನೂ ಅದರ ಜೊತೆಗಿನ ಚಿತ್ರವನ್ನೂ ನೋಡಿದೆ. ಒಂದೇ ಗುದ್ದಲಿಗೆ ಎಷ್ಟು ಕೈಗಳು ಎಂದು ಕನ್ನಡಕ ಹಾಕಿಕೊಂಡು ಎಣಿಸಿದೆ: ಹನ್ನೊಂದು. ಹನ್ನೊಂದು ಕೈ ಸೇರಿ ಎತ್ತಿದ ಮಣ್ಣಿನಲ್ಲಿ ಒಂದು ತುಳಸಿ ಗಿಡವನ್ನೂ ನೆಡುವಂತಿರಲಿಲ್ಲ. ‘ಚಾಲನೆ’ ಎಂಬ ಪದವನ್ನು ನಿಮ್ಮ ವರದಿಗಾರರು ಸ್ವಲ್ಪ ನೋಡಿಕೊಂಡು ಬಳಸಲಿ. ಬುಧವಾರ ಇಲ್ಲಿ ಚಲಿಸಿದ್ದು ಬಂದವರ ಕಾರುಗಳು ಮಾತ್ರ. ನಮ್ಮ ಟ್ರ್ಯಾಕ್ಟರುಗಳು ನಿಂತಲ್ಲೇ ನಿಂತಿದ್ದವು.

ರೈಲ್ವೆ ಗೇಟಿನಿಂದ ಹಾಲಿನ ಡೇರಿಯವರೆಗಿನ ಈ ಒಂದೂವರೆ ಕಿಲೋಮೀಟರಿಗೆ ಇದು ಮೂರನೇ ಗುದ್ದಲಿ ಪೂಜೆ ಎಂಬುದು ವರದಿಯಲ್ಲಿ ಇಲ್ಲ. ಮೊದಲನೆಯದು ಎರಡು ಚುನಾವಣೆಗಳ ಹಿಂದೆ ಆಯಿತು. ಆಗ ನೆಟ್ಟ ಕಲ್ಲನ್ನು ಯಾರೋ ಕಿತ್ತು ಡೇರಿಯ ಮುಂದೆ ಹಾಲಿನ ಕ್ಯಾನ್ ಇಡುವುದಕ್ಕೆ ಹಾಕಿಕೊಂಡಿದ್ದಾರೆ. ಗಣ್ಯರ ಹೆಸರುಗಳು ಕೆಳಮುಖವಾಗಿವೆ. ಅಷ್ಟೂ ವರ್ಷಗಳಲ್ಲಿ ಆ ಯೋಜನೆಯಿಂದ ಊರಿಗೆ ಆದ ಉಪಯೋಗ ಅದೊಂದೇ.

ಪೂಜೆ ನಡೆದದ್ದು ನನ್ನ ಆಲೆಮನೆಯ ಎದುರಿಗೇ ಆದ್ದರಿಂದ ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ. ನಮ್ಮ ರಸ್ತೆ ಗಟ್ಟಿ ನೆಲ. ಅದಕ್ಕೆ ಗುದ್ದಲಿ ಹಾಕಿದರೆ ಕೈ ಅದುರುತ್ತದೆ. ಗಣ್ಯರ ಕೈ ಅದುರಬಾರದು ಎಂದು ಹಿಂದಿನ ದಿನ ಸಂಜೆಯೇ ಒಂದು ಟೆಂಪೊ ಕೆಮ್ಮಣ್ಣು ತಂದು ಸುರಿದಿದ್ದರು. ಗುದ್ದಲಿ ಹೊಸದು, ಕಾವಿನ ಮೇಲೆ ಅಂಗಡಿಯ ಬೆಲೆ ಚೀಟಿ ಹಾಗೇ ಇತ್ತು, ಅದರ ಮೇಲೆಯೇ ಕುಂಕುಮ ಇಟ್ಟಿದ್ದರು. ಪೂಜೆ ಮುಗಿದ ಮೇಲೆ ಗುದ್ದಲಿಯನ್ನು ಒಬ್ಬರು ಒರೆಸಿ ಕಾರಿನ ಡಿಕ್ಕಿಗೆ ಹಾಕಿಕೊಂಡರು. ಉಳಿದ ಕೆಮ್ಮಣ್ಣನ್ನೂ ಬಾಚಿ ಟೆಂಪೊಗೆ ತುಂಬಿಕೊಂಡು ಹೋದರು. ಪಕ್ಕದ ಊರಿನಲ್ಲಿ ಮಧ್ಯಾಹ್ನ ಇನ್ನೊಂದು ಪೂಜೆ ಇತ್ತಂತೆ.

ಕಾರ್ಯಕ್ರಮ ಹತ್ತು ಗಂಟೆಗೆ ಎಂದು ಫ್ಲೆಕ್ಸ್‌ನಲ್ಲಿತ್ತು. ಗಣ್ಯರು ಬಂದದ್ದು ಒಂದೂಕಾಲಿಗೆ. ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರಿಂದ ಬೆಳಿಗ್ಗೆ ಒಂಬತ್ತರಿಂದಲೇ ಒಂದು ಸೈಕಲ್ಲೂ ಆ ಕಡೆಯಿಂದ ಈ ಕಡೆಗೆ ಬರುವಂತಿರಲಿಲ್ಲ. ನನ್ನ ಎರಡು ಟ್ರ್ಯಾಕ್ಟರ್ ಕಬ್ಬು ಗೇಟಿನಾಚೆ ಬಿಸಿಲಿನಲ್ಲಿ ಒಣಗುತ್ತಿತ್ತು. ಇತ್ತ ಆಲೆಮನೆಯಲ್ಲಿ ಮುಂಜಾನೆ ಅರೆದ ಕಬ್ಬಿನ ಹಾಲು ಅರ್ಧ ಕೊಪ್ಪರಿಗೆ ಮಾತ್ರ ಇತ್ತು. ಅರ್ಧಕ್ಕೇ ಉರಿ ಹಾಕಿದರೆ ತಳ ಹತ್ತುತ್ತದೆ, ಉಳಿದ ಕಬ್ಬು ಬರಲಿ ಎಂದು ಕಾದರೆ ಹಾಲು ಹುಳಿಯಾಗುತ್ತದೆ. ‘ಐದು ನಿಮಿಷ ಸಾರ್’ ಎಂದು ಕಾರ್ಯಕರ್ತರೊಬ್ಬರು ಒಂಬತ್ತೂವರೆಯಿಂದ ಹೇಳುತ್ತಲೇ ಇದ್ದರು, ನಾನೂ ನಂಬಿ ಕಾದೆ. ಕೊನೆಗೆ ಆದ ಬೆಲ್ಲ ಕಪ್ಪಾಗಿ, ಅಚ್ಚಿನಿಂದ ತೆಗೆದರೆ ಕೈಗೆ ಅಂಟುತ್ತಿತ್ತು. ಮಂಡಿಯವರು ಒಂದು ಅಚ್ಚು ಮುರಿದು ನೋಡಿ ಏನೂ ಮಾತನಾಡದೆ ಬೆಲೆ ಇಳಿಸಿದರು. ಕೆಲಸವಿಲ್ಲದೆ ಕುಳಿತ ಆರು ಆಳುಗಳಿಗೆ ಕೂಲಿಯನ್ನಂತೂ ಪೂರ್ತಿ ಕೊಟ್ಟೆ. ಅದನ್ನು ಯಾವ ಅನುದಾನದಿಂದ ಭರಿಸುತ್ತಾರೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಎಪ್ಪತ್ತೆಂಟು ವರ್ಷದ ನನ್ನ ತಾಯಿ ರಕ್ತದೊತ್ತಡ ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ಆಟೊ ಒಳಗೆ ಬರಲಿಲ್ಲವಾದ್ದರಿಂದ ಗೇಟಿನವರೆಗೆ ನಡೆದರು. ಅಂದು ರಕ್ತದೊತ್ತಡ ಎಷ್ಟು ಬಂತು ಎಂದು ಬರೆಯುವುದಿಲ್ಲ. ನನ್ನದನ್ನು ನೋಡಿಸಿಯೇ ಇಲ್ಲ.

ವೇದಿಕೆಯಲ್ಲಿ ‘ರೈತ ದೇಶದ ಬೆನ್ನೆಲುಬು’ ಎಂದು ಇಬ್ಬರು ಹೇಳಿದರು. ಎಲ್ಲರ ಹೆಗಲ ಮೇಲೂ ಹಸಿರು ಶಾಲು. ಅದೇ ರಾತ್ರಿ ಎಂಟಕ್ಕೆ ನಾನು ಮನೆಗೆ ಹೊರಟಾಗ ಶಾಮಿಯಾನದ ಗೂಟ ಕಿತ್ತ ಗುಂಡಿಗೆ ಸ್ಕೂಟರಿನ ಮುಂದಿನ ಚಕ್ರ ಇಳಿಯಿತು. ದೇಶದ ಬೆನ್ನೆಲುಬಿನ ಬೆನ್ನೆಲುಬಿಗೆ ಪೆಟ್ಟಾಗಿ ಎಣ್ಣೆ ಹಚ್ಚಿಕೊಂಡು ಕುಳಿತು ಈ ಪತ್ರ ಬರೆಯುತ್ತಿದ್ದೇನೆ. ನ್ಯಾಯವಾಗಿ ಹೇಳುವುದಾದರೆ, ಅಂದು ಈ ರಸ್ತೆಯನ್ನು ನಿಜವಾಗಿ ಅಗೆದವರು ಶಾಮಿಯಾನದ ಹುಡುಗರು. ಹಾರೆ ಹಿಡಿದು, ಬೆವರು ಸುರಿಸಿ, ನಾಲ್ಕು ಕಡೆ ಒಂದೊಂದು ಅಡಿ ಆಳಕ್ಕೆ ಅಗೆದರು. ಅವರ ಫೋಟೊ ಎಲ್ಲೂ ಬರಲಿಲ್ಲ.

ಇದು ನಮ್ಮ ರಸ್ತೆಯೊಂದರ ಕಥೆಯಲ್ಲ. ಕನ್ನಂಬಾಡಿ ಅಣೆಕಟ್ಟೆಯಲ್ಲಿ ನೀರು ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಿತೆಂದರೆ ಬಾಗಿನಕ್ಕೆ ಸಾಲುಗಟ್ಟುತ್ತಾರೆ. ಮಳೆ ಬೀಳುವುದು ಕೊಡಗಿನಲ್ಲಿ, ಕಾಲ್ಗುಣ ಮಾತ್ರ ಅಧಿಕಾರದಲ್ಲಿದ್ದವರದು. 2025ರಲ್ಲಿ ಜೂನ್ ಮುಗಿಯುವ ಮುಂಚೆಯೇ ಬಾಗಿನ ಬಿಟ್ಟರು, ಸಂತೋಷ. ಹಾಗಾದರೆ 2023ರಲ್ಲಿ ಅಣೆಕಟ್ಟೆ ತುಂಬದೆ ನಾವು ಮಂಡ್ಯದಲ್ಲಿ ಬೀದಿಗೆ ಇಳಿದಾಗ ಆ ಕಾಲ್ಗುಣ ಎಲ್ಲಿ ಹೋಗಿತ್ತು? ಆಗಲೂ ಎಲ್ಲ ಪಕ್ಷದವರೂ ನಮ್ಮ ಧರಣಿಗೆ ಬಂದರು, ಮುಷ್ಟಿ ಎತ್ತಿದರು, ಕ್ಯಾಮೆರಾ ಹೊರಟ ಮೇಲೆ ಅವರೂ ಹೊರಟರು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವವರನ್ನು ಕೇಳಿ, ಮೊರದಲ್ಲಿಟ್ಟ ಬಳೆ, ಅರಿಶಿನ, ಕುಂಕುಮದ ಸುದ್ದಿ ಅಲ್ಲಿಗೆ ನೀರಿಗಿಂತ ಮುಂಚೆ ತಲುಪುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ವಿಷಯವೂ ಅಷ್ಟೇ. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆಗೆ ಎಷ್ಟು ಹೂವು, ಎಷ್ಟು ಜೈಕಾರ! ವಾರ ತುಂಬುವುದರೊಳಗೆ ಒಂದು ಮಳೆಗೆ ರಾಮನಗರದ ಬಳಿ ಅದೇ ರಸ್ತೆಯಲ್ಲಿ ಕಾರುಗಳು ಮುಳುಗಿ ನಿಂತವು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳು ಅದನ್ನು ಹತ್ತುವಂತಿಲ್ಲ ಎಂದಾಯಿತು. ವೇಗದ ರಸ್ತೆ, ಅಪಘಾತವಾಗುತ್ತದೆ, ಸರಿ, ಒಪ್ಪಿದೆ. ಆದರೆ ಉದ್ಘಾಟನೆಯ ದಿನ ಜನರನ್ನು ತುಂಬಿಸಲು ನಮ್ಮ ಬೈಕು, ಟ್ರ್ಯಾಕ್ಟರುಗಳೇ ಬೇಕಾಗಿದ್ದವು.

ಅಧಿಕಾರಿಗಳ ವಿಷಯ ಕೇಳಲೇಬೇಡಿ. ಈ ರಸ್ತೆಗಾಗಿ ಕೊಟ್ಟ ಅರ್ಜಿಗಳಿಗೆ ಒಮ್ಮೆ ‘ಕ್ರಿಯಾಯೋಜನೆಯಲ್ಲಿ ಸೇರಿದೆ’, ಇನ್ನೊಮ್ಮೆ ‘ಟೆಂಡರ್ ಹಂತದಲ್ಲಿದೆ’, ಮತ್ತೊಮ್ಮೆ ‘ಕ್ರಿಯಾಯೋಜನೆಯಲ್ಲಿ ಸೇರಿಸಲಾಗುವುದು’ ಎಂದು ಉತ್ತರ ಬಂದಿದೆ. ಅಂದರೆ ರಸ್ತೆ ಮುಂದಕ್ಕೆ ಹೋಗದಿದ್ದರೂ ಕಡತ ಹಿಂದಕ್ಕೆ ಬಂದಿದೆ. ತಂದೆ ತೀರಿಕೊಂಡು ಆರು ವರ್ಷವಾಯಿತು, ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹಾಕಿದ ಅರ್ಜಿ ಇನ್ನೂ ಯಾರದೋ ಮೇಜಿನ ಮೇಲಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಬುಧವಾರ ಆ ಮೇಜಿನವರೂ ಶಾಮಿಯಾನದ ಮುಂದಿನ ಸಾಲಿನಲ್ಲಿ ಕುಳಿತು ಬಾದಾಮಿ ಹಾಲು ಕುಡಿಯುತ್ತಿದ್ದರು, ಅದೇ ಸಂಬಂಧ.

ಸಂಬಂಧಪಟ್ಟವರು ಕೂಡಲೇ ರಸ್ತೆ ಮಾಡಿಸಲಿ, ಇಲ್ಲವೇ ಪೂಜೆ ಮಾಡುವುದನ್ನು ನಿಲ್ಲಿಸಲಿ. ಎರಡೂ ಆಗದಿದ್ದರೆ ಶಾಮಿಯಾನದ ಗುಂಡಿಗಳನ್ನಾದರೂ ಮುಚ್ಚಿಸಲಿ, ಸ್ವಲ್ಪವಾದರೂ ನಾಚಿಕೆ ಎಂಬುದು ಇರಬೇಕು. ನಾಲ್ಕರಲ್ಲಿ ಒಂದನ್ನು ನಾನೇ ಕಬ್ಬಿನ ಸಿಪ್ಪೆ ಮತ್ತು ಮಣ್ಣು ತುಂಬಿ ಮುಚ್ಚಿದ್ದೇನೆ. ಉಳಿದ ಮೂರಕ್ಕೂ ಪೂಜೆ ಇಟ್ಟುಕೊಳ್ಳುವುದಾದರೆ ಎರಡು ದಿನ ಮುಂಚೆ ತಿಳಿಸಲಿ, ಅಂದು ನಾನು ಕಬ್ಬು ಕಡಿಸುವುದಿಲ್ಲ.

– ಆಲೆಮನೆಯ ಮಾಲೀಕ, ಮಂಡ್ಯ ಜಿಲ್ಲೆ