ಸೆನ್ಸರ್ ಕೂಗಿದಾಗ ಎದ್ದು ಹೋಗುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ಅಪಾರ್ಟ್‌ಮೆಂಟುಗಳಲ್ಲಿ ಗಾಳಿ, ನೀರು, ಕರೆಂಟು ಅಳೆಯುವ ಸೆನ್ಸರ್‌ಗಳ ಬಗ್ಗೆ ಈಗ ಮಾತು ಜಾಸ್ತಿ ಕೇಳಿಬರುತ್ತಿದೆ. ಹಾಕಿಸಿಬಿಟ್ಟರೆ ಸಾಕು, ನೀರು ಉಳಿಯುತ್ತದೆ, ಕರೆಂಟು ಉಳಿಯುತ್ತದೆ ಅಂತ ಮಾರುವವರು ಹೇಳುತ್ತಾರೆ. ಕಮಿಟಿಯವರು ನಂಬುತ್ತಾರೆ. ನಾವೂ ನಂಬಿದ್ದೆವು. ಸೆನ್ಸರ್ ಬೇಡ ಅಂತ ನಾನು ಹೇಳುತ್ತಿಲ್ಲ, ಬೇಕೇ ಬೇಕು. ಆದರೆ ಅದು ತಾನಾಗಿ ಏನನ್ನೂ ಉಳಿಸುವುದಿಲ್ಲ. ಅದು ತೋರಿಸಿದ್ದನ್ನು ನೋಡಿ, ಎದ್ದು ಹೋಗಿ ವಾಲ್ವ್ ತಿರುಗಿಸುವವರು ಉಳಿಸುತ್ತಾರೆ. ಆ ಕೆಲಸ ಯಾರದು ಅಂತ ಮೊದಲೇ ಗೊತ್ತುಮಾಡಿಕೊಳ್ಳದೆ ಒಂದು ಸೆನ್ಸರನ್ನೂ ಕೊಳ್ಳಬೇಡಿ ಅಂತ ಹೇಳುವುದಕ್ಕೇ ಈ ಪತ್ರ.

ನಮ್ಮ ಕಟ್ಟಡದ್ದೇ ಹೇಳುತ್ತೇನೆ. ಓವರ್‌ಹೆಡ್ ಟ್ಯಾಂಕಿನಿಂದ ಮನೆಗಳಿಗೆ ಇಳಿಯುವ ಮೇನ್ ಪೈಪಿಗೆ ಮೀಟರ್ ಕೂರಿಸಿ, ಅದರ ರೀಡಿಂಗ್ ಕಳಿಸುವ ಒಂದು ಸಣ್ಣ ಸೆನ್ಸರ್ ಸೇರಿಸಿದೆವು. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಫೋನಿಗೇ ಬರುತ್ತಿತ್ತು. ಮೊದಲ ವಾರ ಎಲ್ಲರೂ ನೋಡಿದರು. ಆಮೇಲೆ ಮೂರು ತಿಂಗಳು ಯಾರೂ ನೋಡಲಿಲ್ಲ. ಒಂದು ದಿನ ಬೇರೇನೋ ಹುಡುಕುವಾಗ ಗ್ರಾಫ್ ತೆರೆದೆ. ಬೆಳಿಗ್ಗೆ ಗುಡ್ಡದ ಹಾಗೆ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ, ಸಂಜೆ ಮತ್ತೆ ಏರುತ್ತದೆ. ಅದೆಲ್ಲ ಸರಿ. ಆದರೆ ರಾತ್ರಿ ಎರಡರಿಂದ ನಾಲ್ಕರವರೆಗೆ, ಎಲ್ಲರೂ ಮಲಗಿರುವ ಹೊತ್ತಿನಲ್ಲಿ, ಗೆರೆ ಸೊನ್ನೆಗೆ ಇಳಿಯುತ್ತಲೇ ಇರಲಿಲ್ಲ. ನಿಮಿಷಕ್ಕೆ ಸುಮಾರು 1 ಲೀಟರ್. ಹಿಂದಿನ ರಾತ್ರಿಯೂ ಅಷ್ಟೇ, ಅದರ ಹಿಂದಿನ ರಾತ್ರಿಯೂ ಅಷ್ಟೇ. ಒಂದು ಲೀಟರ್ ಏನು ಮಹಾ ಅನ್ನಿಸಬಹುದು. ದಿನಕ್ಕೆ 1,440 ಲೀಟರ್ ಆಯಿತು. 30 ದಿನಕ್ಕೆ 43,200 ಲೀಟರ್. ಮೂರು ತಿಂಗಳು ಸೆನ್ಸರ್ ಇದನ್ನು ಹೇಳುತ್ತಲೇ ಇತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ.

ಅವತ್ತು ರಾತ್ರಿ ಎರಡೂವರೆಗೆ ವಾಚ್‌ಮನ್ ಜೊತೆ ಟೆರೇಸಿಗೆ ಹೋದೆ. ಮೀಟರಿನ ಗಾಜಿನ ಮೇಲೆ ಟಾರ್ಚ್ ಹಿಡಿದೆವು. ಒಳಗೆ ನಕ್ಷತ್ರದ ಆಕಾರದ ಸಣ್ಣ ಕೆಂಪು ಚಕ್ರ ಇರುತ್ತದೆ, ಸ್ವಲ್ಪ ನೀರು ಹರಿದರೂ ತಿರುಗುತ್ತದೆ. ಇಡೀ ಕಟ್ಟಡ ಮಲಗಿತ್ತು, ಆ ಚಕ್ರ ಮಾತ್ರ ನಿಧಾನಕ್ಕೆ ಸುತ್ತುತ್ತಲೇ ಇತ್ತು. ಒಂದೊಂದೇ ಲೈನಿನ ವಾಲ್ವ್ ಮುಚ್ಚುತ್ತಾ ಬಂದೆವು. ಮೊದಲನೆಯದು ಮುಚ್ಚಿದೆವು, ಚಕ್ರ ನಿಲ್ಲಲಿಲ್ಲ. ಎರಡು, ಮೂರು, ಆಗಲೂ ಇಲ್ಲ. ನಾಲ್ಕನೆಯದು ಮುಚ್ಚಿದಾಗ ಗಕ್ಕನೆ ನಿಂತಿತು. ಮರುದಿನ ಆ ಲೈನಿನ ಮನೆಗಳಿಗೆಲ್ಲ ಹೋಗಿ ಫ್ಲಶ್ ಟ್ಯಾಂಕಿಗೆ ಒಂದೆರಡು ಹನಿ ಬಣ್ಣ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾದೆವು. ಎರಡು ಮನೆಗಳಲ್ಲಿ ಬಣ್ಣ ಕಮೋಡಿನೊಳಗೆ ಇಳಿದಿತ್ತು. ಟ್ಯಾಂಕಿನ ತಳದ ರಬ್ಬರ್ ಸವೆದಿತ್ತು, ಅಷ್ಟೇ ಕಾರಣ. ಅದರಲ್ಲಿ ಒಂದು ಮನೆಯ ಅಜ್ಜಿ, “ರಾತ್ರಿ ಹೊತ್ತು ಸಣ್ಣಗೆ ಸದ್ದು ಬರ್ತಾನೇ ಇತ್ತಪ್ಪ, ಮೇಲಿನ ಮನೆಯವರ ಪೈಪಿಂದು ಅಂದ್ಕೊಂಡಿದ್ದೆ” ಅಂದರು.

ಇಂಥ ಸೋರಿಕೆ ನಿಲ್ಲಿಸಿದರೆ ಕರೆಂಟೂ ಭಾರಿ ಉಳಿಯುತ್ತದೆ ಅಂತ ಹೇಳುವವರಿದ್ದಾರೆ. ನಾನು ಕೂತು ಲೆಕ್ಕ ಹಾಕಿದೆ. 1,000 ಲೀಟರ್ ನೀರನ್ನು 30 ಮೀಟರ್ ಎತ್ತಲು ಬೇಕಾಗುವುದು ಹೆಚ್ಚುಕಡಿಮೆ 0.08 ಯೂನಿಟ್. ಪಂಪು, ಮೋಟರಿನಲ್ಲಿ ಕಳೆದುಹೋಗುವುದೂ ಸೇರಿ ಅದರ ಎರಡು ಪಟ್ಟು ಅಂತ ಇಟ್ಟುಕೊಳ್ಳಿ. 43,200 ಲೀಟರಿಗೆ ತಿಂಗಳಿಗೆ 7 ಯೂನಿಟ್ ಆಯಿತು. ಅಂದರೆ ಇಲ್ಲಿ ಉಳಿಯುವುದು ನೀರು. ಕರೆಂಟು ಏನೂ ದೊಡ್ಡದಲ್ಲ.

ಕರೆಂಟು ನಿಜವಾಗಿ ಉಳಿಯುವ ಜಾಗ ಬೇರೆ ಇದೆ, ನೆಲದಡಿಯ ಪಾರ್ಕಿಂಗಿನ ಫ್ಯಾನುಗಳು. ಎಷ್ಟೋ ಕಡೆ ಇವು ಹಗಲು ರಾತ್ರಿ ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತವೆ, ಒಂದು ಕಾರು ಓಡಾಡದ ಹೊತ್ತಿನಲ್ಲೂ. ಅಲ್ಲಿ ಕಾರಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ಅಳೆಯುವ ಸೆನ್ಸರ್ ಇಟ್ಟು, ಕಾರಿನ ಹೊಗೆ ಹೆಚ್ಚಾದಾಗ ಮಾತ್ರ ಫ್ಯಾನಿನ ವೇಗ ಏರುವ ಹಾಗೆ ಮಾಡಬಹುದು. ಇದರಲ್ಲಿ ಒಂದು ಚೆಂದದ ಲೆಕ್ಕ ಇದೆ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಅದು ತಿನ್ನುವ ಕರೆಂಟು ಅರ್ಧಕ್ಕಲ್ಲ, ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಯಾನು, ಅದರ ವೇಗ ಬದಲಿಸುವ ಡ್ರೈವಿನ ನಷ್ಟ ಸೇರಿ ನಿಜದಲ್ಲಿ ಅಷ್ಟು ಸಿಗುವುದಿಲ್ಲ, ಆದರೂ ಒಳ್ಳೆಯ ಉಳಿತಾಯ. ಕರೆಂಟಿನ ಮೀಟರ್ ನೋಡಿಕೊಂಡು ಫ್ಯಾನನ್ನು ಪೂರ್ತಿ ನಿಲ್ಲಿಸುವವರಿಗೆ ಮಾತ್ರ ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗಿಗೆ ಗೊತ್ತಾಗುವುದೇ ಇಲ್ಲ. ಬೆಂಕಿ ಬಿದ್ದಾಗ ಹೊಗೆ ಹೊರಹಾಕುವ ವ್ಯವಸ್ಥೆಯನ್ನಂತೂ ಉಳಿತಾಯದ ಹೆಸರಲ್ಲಿ ಮುಟ್ಟಲೇಬಾರದು.

ಇನ್ನು ಗಾಳಿಯ ವಿಚಾರ. ಜಿಮ್, ಸಭೆ ನಡೆಯುವ ಹಾಲ್, ಮಕ್ಕಳು ಓದುವ ರೂಮು, ಇಲ್ಲೆಲ್ಲ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ತುಂಬಾ ಉಪಯೋಗಕ್ಕೆ ಬರುತ್ತದೆ. ನಾವು ಉಸಿರಿನಲ್ಲಿ ಬಿಡುವ ಅನಿಲ ಇದು, ಜಾಸ್ತಿಯಾದರೆ ಒಳಗೆ ಹೊಸ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಹೊರಗಿನ ಗಾಳಿಯಲ್ಲಿ ಇದು ಈಗ 420 ಪಿಪಿಎಂಗಿಂತ (ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಸ್ವಲ್ಪ ಜಾಸ್ತಿ. ಬಾಗಿಲು ಕಿಟಕಿ ಮುಚ್ಚಿ ಇಪ್ಪತ್ತು ಜನ ಸಭೆ ಮಾಡಿದರೆ ನೋಡನೋಡುತ್ತ 2,000 ದಾಟಬಹುದು. ಎಸಿ ಇದೆಯಲ್ಲ ಅನ್ನುತ್ತಾರೆ. ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ನಂಬರ್ ಏರಿದರೆ ಕಿಟಕಿ ತೆಗೆಯಿರಿ, ಇಳಿದರೆ ಮುಚ್ಚಿ. ಇಡೀ ದಿನ ಕಿಟಕಿ ತೆರೆದಿಟ್ಟು ಎಸಿ ಓಡಿಸುವುದೂ ತಪ್ಪುತ್ತದೆ. ಆದರೆ ಹೊರಗಿನ ಗಾಳಿಯೇ ಕೆಟ್ಟಿದ್ದರೆ? ಅದಕ್ಕೆ ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಧೂಳು, ಹೊಗೆಯ ಕಣಗಳನ್ನು ಅಳೆಯುವ ಸೆನ್ಸರ್ ಒಂದು ಹೊರಗೂ ಬೇಕು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸಣ್ಣ ಕಣಗಳಿಗೆ ಹೇಳಿದ ಮಿತಿ ದಿನದ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 15 ಮೈಕ್ರೋಗ್ರಾಂ. ಮಂಜು ಕವಿದ ಬೆಳಗಿನಲ್ಲಿ ಅಗ್ಗದ ಸೆನ್ಸರ್‌ಗಳು ನೀರಿನ ಕಣವನ್ನೂ ಧೂಳು ಅಂತಲೇ ಎಣಿಸುತ್ತವೆ, ಅದು ನೆನಪಿರಲಿ.

ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ, ಇದು ಕಾರ್ಬನ್ ಡೈಆಕ್ಸೈಡನ್ನು ನೇರವಾಗಿ ಅಳೆಯುತ್ತದೋ ಅಥವಾ ಬೇರೆ ಅನಿಲ ನೋಡಿ ಅಂದಾಜು ಮಾಡುತ್ತದೋ ಅಂತ. ಇನ್ಫ್ರಾರೆಡ್ ಬೆಳಕಿನಿಂದ ಅಳೆಯುವವು ನಂಬಿಕೆಗೆ ಅರ್ಹ. ಅಂದಾಜಿನವು ಫಿನಾಯಿಲ್ ಹಾಕಿ ನೆಲ ಒರೆಸಿದರೂ ಕೂಗಿಕೊಳ್ಳುತ್ತವೆ. ಒಳ್ಳೆಯದರಲ್ಲೂ ಒಂದು ಸೂಕ್ಷ್ಮ ಇದೆ. ಎಷ್ಟೋ ಸೆನ್ಸರ್‌ಗಳು ಕೆಲವು ದಿನಕ್ಕೊಮ್ಮೆ ತಮಗೆ ಸಿಕ್ಕಿದ ಅತಿ ಕಡಿಮೆ ನಂಬರನ್ನೇ ಹೊರಗಿನ ಗಾಳಿ ಅಂದುಕೊಂಡು ತಮ್ಮನ್ನು ಸರಿಮಾಡಿಕೊಳ್ಳುತ್ತವೆ. ಯಾವಾಗಲೂ ಜನ ಇರುವ, ಕಿಟಕಿ ತೆಗೆಯದ ರೂಮಿನಲ್ಲಿ ಇಟ್ಟರೆ ಅದು ಕೆಟ್ಟ ಗಾಳಿಯನ್ನೇ ಒಳ್ಳೆಯದು ಅಂತ ಕಲಿತುಬಿಡುತ್ತದೆ. ವಾರಕ್ಕೊಮ್ಮೆಯಾದರೂ ಜನರಿಲ್ಲದ ಹೊತ್ತಲ್ಲಿ ರೂಮನ್ನು ಚೆನ್ನಾಗಿ ಗಾಳಿಗೆ ಬಿಡಬೇಕು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಬ್ಯಾಟರಿ ಸತ್ತ ಸೆನ್ಸರ್ ಇನ್ನೊಂದು ತಲೆನೋವು. ಕೆಲವು ಸ್ಕ್ರೀನುಗಳು ಕೊನೆಯ ನಂಬರನ್ನೇ ದಿನಗಟ್ಟಲೆ ತೋರಿಸುತ್ತಿರುತ್ತವೆ, ನಾವು ಎಲ್ಲ ಸರಿ ಇದೆ ಅಂದುಕೊಂಡಿರುತ್ತೇವೆ. ನಂಬರಿನ ಪಕ್ಕ ಅದು ಬಂದ ಸಮಯವೂ ಕಾಣಬೇಕು ಅಂತ ಹಟ ಹಿಡಿಯಿರಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು ಇನ್ನೊಂದಿದೆ. ಸೆನ್ಸರ್ ಸಾಮಾನ್ಯ ಜಾಗಗಳಲ್ಲಿ ಇರಲಿ. ಮನೆಯೊಳಗೆ ಇಡುವುದು ಆ ಮನೆಯವರು ಒಪ್ಪಿದರೆ ಮಾತ್ರ, ಅದರ ಲೆಕ್ಕವೂ ಅವರ ಕೈಯಲ್ಲೇ ಇರಬೇಕು. ಬೆಡ್‌ರೂಮಿನ ಕಾರ್ಬನ್ ಡೈಆಕ್ಸೈಡ್ ಗೆರೆ ನೋಡಿದರೆ ಮನೆಯಲ್ಲಿ ಜನ ಇದ್ದಾರಾ, ಎಷ್ಟೊತ್ತಿಗೆ ಮಲಗಿದರು, ಯಾವಾಗ ಹೊರಗೆ ಹೋದರು ಅಂತ ಯಾರು ಬೇಕಾದರೂ ಊಹಿಸಬಹುದು. ಒಂದು ಸಭೆಯಲ್ಲಿ ಯಾರೋ, ಪ್ರತಿ ಮನೆಯ ನೀರಿನ ಲೆಕ್ಕವನ್ನು ಲಿಫ್ಟ್ ಪಕ್ಕ ಅಂಟಿಸೋಣ, ನಾಚಿಕೆಯಿಂದಾದರೂ ಕಡಿಮೆ ಮಾಡುತ್ತಾರೆ ಅಂದರು. ನಾನು ಬೇಡ ಅಂದೆ. ಕಾಯಿಲೆಯವರಿರುವ ಮನೆ, ಎಳೆಮಗು ಇರುವ ಮನೆ ಜಾಸ್ತಿ ನೀರು ಬಳಸಿದರೆ ಅವರನ್ನು ಸುಮ್ನೆ ಎಲ್ಲರೆದುರು ನಿಲ್ಲಿಸಿದ ಹಾಗಾಗುತ್ತೆ ಅಲ್ವಾ? ಇಡೀ ಕಟ್ಟಡದ ಲೆಕ್ಕ ಎಲ್ಲರಿಗೂ ಕಾಣಲಿ, ಮನೆಯ ಲೆಕ್ಕ ಆ ಮನೆಯವರಿಗೆ ಮಾತ್ರ ಹೋಗಲಿ.

ಈಗ ನಮ್ಮಲ್ಲಿ ವಾರಕ್ಕೊಬ್ಬರು ಅಂತ ಸರದಿ ಮಾಡಿಕೊಂಡಿದ್ದೇವೆ. ಸರದಿಯವರು ಬೆಳಿಗ್ಗೆ ರಾತ್ರಿಯ ಗೆರೆ ನೋಡಿ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕು. ಸೊನ್ನೆಗೆ ಇಳಿಯದಿದ್ದರೆ ಅವತ್ತೇ ಪ್ಲಂಬರಿಗೆ ಫೋನ್ ಮಾಡಬೇಕು. ಐದು ನಿಮಿಷದ ಕೆಲಸ.

ನಿಮ್ಮ ಓದುಗರಲ್ಲಿ ಕಮಿಟಿಯಲ್ಲಿರುವವರು ಎಷ್ಟೋ ಜನ ಇರಬಹುದು. ಅವರು ಇನ್ನೂ ಏನನ್ನೂ ಕೊಳ್ಳಬೇಕಾಗಿಲ್ಲ. ಇವತ್ತು ರಾತ್ರಿ ಎರಡು ಗಂಟೆಗೆ ಮನೆಗಳಿಗೆ ನೀರು ಹೋಗುವ ಮೀಟರಿನ ಒಂದು ಫೋಟೊ ತೆಗೆಯಲಿ, ನಾಲ್ಕು ಗಂಟೆಗೆ ಇನ್ನೊಂದು. ಎರಡರ ವ್ಯತ್ಯಾಸ ನೋಡಿ, ಆಮೇಲೆ ಸೆನ್ಸರ್ ಮಾರುವವರನ್ನು ಕರೆಯಲಿ.

ಇಂತಿ,
ಒಬ್ಬ ಅಪಾರ್ಟ್‌ಮೆಂಟ್ ನಿವಾಸಿ