ಮೈದನಹಳ್ಳಿಗೆ ಗಿಡ ತರಬೇಡ ಕಣೋ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ನೋಡಿದೆ. ಮಗಳ ಹುಟ್ಟುಹಬ್ಬಕ್ಕೆ ತುಮಕೂರು ಜಿಲ್ಲೆಯ ಮೈದನಹಳ್ಳಿ ಹುಲ್ಲು ಬಯಲಲ್ಲಿ ನೂರು ಗಿಡ ನೆಡಿಸುತ್ತೀಯಂತೆ, ಅಲ್ಲಿನ ಕೃಷ್ಣಮೃಗಗಳಿಗೆ ನೆರಳಾಗಲಿ ಅಂತ. ಮನಸ್ಸು ಒಳ್ಳೆಯದೇ. ಆದರೆ ಬೇಡ. ಫೋನಲ್ಲಿ ಹೇಳಿದರೆ ಜಗಳ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಬೆಳಗ್ಗೆ ಅಲ್ಲಿಗೆ ಹೋಗಿದ್ದೆ. ಕಾಲುದಾರಿಯ ಪಕ್ಕ ಒಂದು ಹಿಕ್ಕೆ ರಾಶಿ. ಮೇಲಿನವು ಹಸಿ, ಕಪ್ಪಗೆ ಮಿರುಗುತ್ತಿದ್ದವು. ಕೆಳಗಿನವು ಒಣಗಿ ಬೂದಿ ಬಣ್ಣ. ಗಂಡು ಕೃಷ್ಣಮೃಗ ಮತ್ತೆ ಮತ್ತೆ ಅಲ್ಲೇ ಬಂದು ಹಾಕುತ್ತೆ, ಸೈಟಿಗೆ ಕಲ್ಲು ನೆಟ್ಟ ಹಾಗೆ! ಯಜಮಾನ ಸ್ವಲ್ಪ ದೂರದಲ್ಲೇ ನಿಂತಿದ್ದ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು. ನಾನು ಎರಡು ಹೆಜ್ಜೆ ಇಟ್ಟೆ ಅಷ್ಟೇ, ಹೆಣ್ಣುಗಳೆಲ್ಲ ಚಂಗನೆ ನೆಗೆದು ಓಡಿದವು.

ತೋಳ ಬರಲಿ, ನಾಯಿ ಬರಲಿ, ಅವು ಬದುಕೋದು ಹೀಗೇ. ದೂರದಿಂದಲೇ ನೋಡಬೇಕು, ಓಡಬೇಕು. ಮರ ಎದ್ದರೆ ಕಣ್ಣಿಗೆ ಅಡ್ಡ. ಮೇವೂ ಹೋಗುತ್ತೆ. ಹಿಂದೆ ಯಾರೋ ನೆಟ್ಟ ನೀಲಗಿರಿ ಅಲ್ಲೇ ಇದೆ. ಅದರ ಬುಡದಲ್ಲಿ ತರಗೆಲೆ ಬಿಟ್ಟರೆ ಹುಲ್ಲು ಹುಡುಕಬೇಕು.

ಜಯಮಂಗಲಿ ಹೊಳೆಯ ಹೆಸರಲ್ಲಿ 2007ರಲ್ಲಿ ಈ ಬಯಲನ್ನು ಕೃಷ್ಣಮೃಗಗಳಿಗೆ ಅಂತ ಮೀಸಲಿಟ್ಟರು. ಬರೀ 798 ಎಕರೆ, ಅಂದರೆ ಮೂರು ಚದರ ಕಿಲೋಮೀಟರ್ ಚಿಲ್ಲರೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 119 ಚದರ ಕಿಲೋಮೀಟರ್, ಅದರ ಮುಂದೆ ಇದು ಅಂಗೈ ಅಗಲ. ವನ್ಯಜೀವಿ ಕಾನೂನಿನಲ್ಲಿ ಕೃಷ್ಣಮೃಗ ಹುಲಿ ಇರುವ ರಕ್ಷಣಾ ಪಟ್ಟಿಯಲ್ಲೇ ಇದೆ. ಆದರೆ ಅದು ತಿನ್ನುವ ಹುಲ್ಲು ನಮ್ಮ ಕಣ್ಣಿಗೆ ಬೀಳು ಭೂಮಿ, ಅಲ್ವಾ? ಖಾಲಿ ಕಂಡರೆ ಏನಾದರೂ ನೆಡಬೇಕು ಅನ್ನಿಸುತ್ತೆ.

ಸುತ್ತ ಹೊಲ. ಎಳೇ ಕಡಲೆಕಾಯಿ ಗಿಡ ಕಂಡರೆ ರಾತ್ರಿ ನುಗ್ಗುತ್ತವೆ. ಕಾವಲು ಕೂತು ನಿದ್ದೆಗೆಟ್ಟ ಒಬ್ಬರು ದಾರಿಯಲ್ಲಿ ಸಿಕ್ಕಿದ್ದರು. ಕೃಷ್ಣಮೃಗ ಎಷ್ಟು ಚೆಂದ ಅಂತ ಅವರ ಮುಂದೆ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಗಿಡಗಳನ್ನು ನಿಮ್ಮ ಬಡಾವಣೆಯಲ್ಲೇ ನೆಡಿಸು, ಅಲ್ಲಿ ನೆರಳು ಬೇಕು. ಇಲ್ಲಿಗೆ ಮಗಳನ್ನು ಕರೆದುಕೊಂಡು ಬಾ. ಹುಲ್ಲಿನೊಳಗೆ ಮಾತ್ರ ಓಡಾಡೋದು ಬೇಡ. ತಾಯಿ ಮೇಯಲು ಹೋದಾಗ ಮರಿ ಅಲ್ಲಾಡದೆ ಮಲಗಿರುತ್ತೆ. ಪಾಪ ಒಂಟಿ ಅಂತ ನಿನ್ನ ಮಗಳು ಎತ್ತಿಕೊಂಡಾಳು.

ಬೈನಾಕ್ಯುಲರ್ ನಾನು ತರುತ್ತೇನೆ. ಹಳೇದು, ಒಂದೇ ಕಣ್ಣಲ್ಲಿ ನೋಡಬೇಕು. ಆರು ಗಂಟೆಗೆ ಮೊದಲೇ ಬಂದುಬಿಡಿ.

ನಿನ್ನವ