ಬೋರಿನ ಅಂಕಿ ನಂಬುವ ಮುಂಚೆ

ವಿಜಯಪುರ

ಪ್ರೀತಿಯ ತಂಗಿ,

ಭೀಮಾತೀರದ ಗುಂಡೇಟಿನ ಪ್ರಕರಣಗಳ ಮೇಲೆ ನೀನು ಬರೆದ ಕರಡು ಓದಿದೆ. ಭಾಷೆ ಚುರುಕಾಗಿದೆ, ಅದರ ಬಗ್ಗೆ ಹೇಳುವುದೇನೂ ಇಲ್ಲ. ಆದರೆ ‘ದೊಡ್ಡ ಬೋರಿನ ಪಿಸ್ತೂಲು ಬಂದ ಮೇಲೆ ಸಾವು ಹೆಚ್ಚಾದವು’ ಎಂಬ ಒಂದೇ ಸಾಲಿನ ಮೇಲೆ ಇಡೀ ಲೇಖನ ನಿಂತಿದೆ. ಆ ಮಾತು ಸುಳ್ಳು ಅಂತಲ್ಲ. ನಿನ್ನ ಕೈಯಲ್ಲಿರುವ ಕಾಗದಗಳಿಂದ ಅದನ್ನು ಹೇಳಲು ಬರುವುದಿಲ್ಲ, ಅಷ್ಟೆ.

ಬೋರು ಅಂದರೆ ಬಂದೂಕಿನ ನಳಿಕೆಯ ಒಳ ಅಗಲ, ಹೆಚ್ಚುಕಮ್ಮಿ ಗುಂಡಿನ ದಪ್ಪ. ಅದರಲ್ಲೇ ಮೊದಲು ಸಣ್ಣ ತಪ್ಪು. ಮೂರು ಕಡೆ ‘.9 ಎಂ.ಎಂ. ಪಿಸ್ತೂಲು’ ಎಂದು ಬರೆದಿದ್ದೀಯ, ಒಂದು ಕಡೆ ‘32 ಎಂ.ಎಂ.’ ಎಂದಿದೆ. ಒಂದು ಮಿಲಿಮೀಟರೂ ಇಲ್ಲದ ಗುಂಡು ಸಾಸಿವೆ ಕಾಳಿಗಿಂತ ಸಣ್ಣದು, 32 ಎಂ.ಎಂ. ಎಂದರೆ ಯುದ್ಧವಿಮಾನದ ತೋಪಿನ ಅಳತೆ. ಅಂಕಿಯ ಮೊದಲಿಗೇ ಚುಕ್ಕೆ ಇದ್ದರೆ ಅದು ಇಂಚಿನ ಲೆಕ್ಕ, ಚುಕ್ಕೆ ಇಲ್ಲದ 9 ಮಿಲಿಮೀಟರಿನ ಲೆಕ್ಕ. .32 ಮತ್ತು 7.65 ಎಂ.ಎಂ. ಪಿಸ್ತೂಲು ಎರಡೂ ಒಂದೇ. .22 ಅಂದರೆ ಸುಮಾರು 5.6 ಎಂ.ಎಂ. ಇನ್ನು 12 ಬೋರಿನ ಚರೆಬಂದೂಕಿನಲ್ಲಿ ಆ 12 ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಆ ನಳಿಕೆಯ ಅಗಲಕ್ಕೆ ಸರಿಯಾದ 12 ಸೀಸದ ಗುಂಡು ಸೇರಿ ಒಂದು ಪೌಂಡ್ ತೂಗುತ್ತವೆ ಎಂಬ ಹಳೆಯ ಲೆಕ್ಕ ಅದು. ನಳಿಕೆಯ ಒಳ ಅಗಲ 18.5 ಎಂ.ಎಂ. ಆಸುಪಾಸು. ಹಾಗಾಗಿ ‘12 ಬೋರ್ 9ಕ್ಕಿಂತ ಸ್ವಲ್ಪ ದೊಡ್ಡದು’ ಎಂಬ ನಿನ್ನ ಹೋಲಿಕೆ ತೆಗೆದುಬಿಡು.

ಅಳತೆ ಸರಿಯಾದ ಮೇಲೂ ಅಳತೆ ಎಲ್ಲವನ್ನೂ ಹೇಳುವುದಿಲ್ಲ. .32 ಪಿಸ್ತೂಲಿನ ಗುಂಡು ಮತ್ತು .303 ರೈಫಲಿನ ಗುಂಡನ್ನು ಅಳೆದರೆ ವ್ಯಾಸ ಎರಡರದ್ದೂ ಹತ್ತಿರ ಹತ್ತಿರ 7.9 ಎಂ.ಎಂ. ಆದರೆ ಪಿಸ್ತೂಲಿನ ಗುಂಡು ಸುಮಾರು 4.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ 300 ಮೀಟರ್ ಆಸುಪಾಸು ಓಡುತ್ತದೆ, ಶಕ್ತಿ ಸುಮಾರು 200 ಜೂಲ್. ರೈಫಲಿನದು 11.3 ಗ್ರಾಂ, ಸೆಕೆಂಡಿಗೆ 740 ಮೀಟರಿನಷ್ಟು ವೇಗ, ಶಕ್ತಿ ಸುಮಾರು 3,100 ಜೂಲ್. ಒಂದೇ ದಪ್ಪ, ಹದಿನೈದು ಪಟ್ಟು ಪೆಟ್ಟು. ಬೋರಿನ ಜೊತೆಗೆ ಅದು ರೈಫಲೋ, ಪಿಸ್ತೂಲೋ, ಚರೆಬಂದೂಕೋ ಎಂದು ಬರೆಯದಿದ್ದರೆ ಅಂಕಿಗೆ ಬೆಲೆಯೇ ಇಲ್ಲ.

ನಮ್ಮ ಕಡೆ ಸಿಗುವ ಕಂಟ್ರಿ ಪಿಸ್ತೂಲಿನಲ್ಲಿ, ಅಂದರೆ ಕದ್ದುಮುಚ್ಚಿ ಕೈಯಲ್ಲಿ ಮಾಡಿದ ನಾಡಪಿಸ್ತೂಲಿನಲ್ಲಿ, ಇನ್ನೊಂದು ತೊಡಕು. ಕಾರ್ಖಾನೆಯ ಪಿಸ್ತೂಲಿನ ನಳಿಕೆಯೊಳಗೆ ಸುರುಳಿ ಗೀರುಗಳಿರುತ್ತವೆ, ಗುಂಡು ತಿರುಗುತ್ತ ನೇರ ಹೋಗುತ್ತದೆ. ಕಳಪೆ ನಾಡಪಿಸ್ತೂಲಿನ ನಳಿಕೆ ಒಳಗೆ ನುಣ್ಣಗಿರುತ್ತದೆ, ತೋಟಾಕ್ಕೂ ನಳಿಕೆಗೂ ಹೊಂದಿಕೆ ಇರುವುದಿಲ್ಲ. ಗ್ಯಾಸು ಸೋರಿ ವೇಗ ಬೀಳುತ್ತದೆ, ಗುಂಡು ಪಲ್ಟಿ ಹೊಡೆಯುತ್ತ ಹೋಗಿ ಅಡ್ಡಡ್ಡ ತಾಗುತ್ತದೆ. ಒಮ್ಮೊಮ್ಮೆ ನಳಿಕೆಯೇ ಸಿಡಿದು ಹಾರಿಸಿದವನ ಕೈ ಹೋಗುತ್ತದೆ. ವರದಿಯಲ್ಲಿ ಎರಡಕ್ಕೂ ಒಂದೇ ಬೋರ್ ಬರೆದಿರುತ್ತದೆ. ಇಂಥ ಆಯುಧಕ್ಕೆ ಅಮೆರಿಕದ ಪುಸ್ತಕದ ಅಂಕಿ ಹಚ್ಚಬೇಡ.

ಆದರೂ ಬೋರಿಗೂ ಸಾವಿಗೂ ನಂಟಿಲ್ಲ ಅಂತ ತಿಳಿಯಬೇಡ. ನಂಟಿದೆ, ಅದಕ್ಕೆ ಒಳ್ಳೆಯ ಆಧಾರವೂ ಇದೆ. ಅಮೆರಿಕದ ಅಪರಾಧ ಸಂಶೋಧಕ ಫ್ರಾಂಕ್ಲಿನ್ ಜಿಮ್ರಿಂಗ್ 1972ರಲ್ಲಿ ಷಿಕಾಗೋ ಪ್ರಕರಣಗಳನ್ನು ಬಿಡಿಸಿ ನೋಡಿ, .22ಕ್ಕಿಂತ .38ರ ಹಲ್ಲೆಗಳಲ್ಲಿ ಸಾವು ಸುಮಾರು ಎರಡು ಪಟ್ಟು ಎಂದು ತೋರಿಸಿದರು. 2018ರಲ್ಲಿ ಆಂಟನಿ ಬ್ರಾಗಾ ಮತ್ತು ಫಿಲಿಪ್ ಕುಕ್ ಬಾಸ್ಟನ್ನಿನ 2010ರಿಂದ 2014ರ ಪ್ರಕರಣಗಳನ್ನು ತೆಗೆದುಕೊಂಡರು. .22, .25, .32 ಸಣ್ಣವು; .38, .380, 9 ಎಂ.ಎಂ. ಮಧ್ಯಮ; .40, .45, .357 ಮ್ಯಾಗ್ನಮ್ ಮೊದಲಾದವು ದೊಡ್ಡವು. ಸಣ್ಣದಕ್ಕೆ ಹೋಲಿಸಿದರೆ ಸತ್ತವರಿಗೂ ಬದುಕಿದವರಿಗೂ ಇರುವ ಪ್ರಮಾಣ ಮಧ್ಯಮದಲ್ಲಿ ಸುಮಾರು 2.3 ಪಟ್ಟು, ದೊಡ್ಡದರಲ್ಲಿ 4.5 ಪಟ್ಟು ಬಂತು. ಎಲ್ಲವೂ ಸಣ್ಣ ಬೋರೇ ಆಗಿದ್ದರೆ ಕೊಲೆಗಳು ಶೇ 40ರ ಹತ್ತಿರ ಕಡಿಮೆಯಾಗುತ್ತಿದ್ದವು ಎಂದು ಅವರ ಅಂದಾಜು.

ಈ 4.5ನ್ನು ನೀನು ‘ನಾಲ್ಕೂವರೆ ಪಟ್ಟು ಸಾವು’ ಎಂದು ಬರೆದಿದ್ದೀಯ. ಅದು ಬೇರೆ, ಇದು ಬೇರೆ. ಲೆಕ್ಕಕ್ಕಾಗಿ ಹಿಡಿ: ಸಣ್ಣ ಬೋರಿನಲ್ಲಿ ಗುಂಡು ತಗುಲಿದ 100 ಜನರಲ್ಲಿ 10 ಮಂದಿ ಸಾಯುತ್ತಾರೆ, 90 ಬದುಕುತ್ತಾರೆ. ಪ್ರಮಾಣ ಒಂಬತ್ತಕ್ಕೊಂದು. ಇದನ್ನು 4.5ರಿಂದ ಗುಣಿಸಿದರೆ ಎರಡಕ್ಕೊಂದು ಆಗುತ್ತದೆ, ಅಂದರೆ ನೂರರಲ್ಲಿ 33 ಸಾವು. ಸಾವು ಏರಿದ್ದು ಮೂರು ಪಟ್ಟು ಚಿಲ್ಲರೆ. ಪತ್ರಿಕೆಗಳು ದಿನಾ ಎಡವುವ ಜಾಗ ಇದು.

ಈ ಅಧ್ಯಯನದ ನಿಜವಾದ ಬಲ ಬೇರೆ ಕಡೆ ಇದೆ. ಕೊಲ್ಲಲೇಬೇಕು ಅಂತ ಹೊರಟವನು ದೊಡ್ಡ ಬೋರ್ ಹಿಡಿದಿರಬಹುದಲ್ಲ, ಹಾಗಿದ್ದರೆ ಕೊಂದದ್ದು ಉದ್ದೇಶವೇ ಹೊರತು ಬೋರಲ್ಲ ಎಂದು ಯಾರಾದರೂ ಕೇಳುತ್ತಾರೆ, ಕೇಳಬೇಕು ಕೂಡ. ಅದಕ್ಕೇ ಬ್ರಾಗಾ ಮತ್ತು ಕುಕ್ ಎಷ್ಟು ಗುಂಡು ತಗುಲಿದವು, ದೇಹದ ಯಾವ ಭಾಗಕ್ಕೆ, ಯಾವ ಸಂದರ್ಭದಲ್ಲಿ ಎಂದು ನೋಡಿದರು. ಅವೆಲ್ಲ ಬೋರಿನ ಜೊತೆ ಬದಲಾಗಲಿಲ್ಲ. ಗುರಿಯೂ ಹಟವೂ ಹೆಚ್ಚುಕಮ್ಮಿ ಒಂದೇ ಇದ್ದು ಸಾವು ಮಾತ್ರ ಬೋರಿನೊಂದಿಗೆ ಏರಿತು. ಮತ್ತೊಂದು ಗಮನಿಸು, ಅವರು ಸತ್ತವರನ್ನಷ್ಟೇ ಎಣಿಸಲಿಲ್ಲ, ಬದುಕಿ ಉಳಿದವರನ್ನೂ ಎಣಿಸಿದರು.

ನಿನ್ನ ಕರಡು ಬಿದ್ದಿರುವುದು ಇಲ್ಲೇ. ನಿನ್ನ ಪಟ್ಟಿ ತುಂಬ ಕೊಲೆಗಳು. ಗುಂಡು ತಗುಲಿ ಬದುಕಿದವರ ಪ್ರಕರಣ ಕೊಲೆಯತ್ನದಲ್ಲಿ ದಾಖಲಾಗುತ್ತದೆ: ಹಳೆಯದಾದರೆ ಐಪಿಸಿ 307, 2024ರ ಜುಲೈ 1ರ ನಂತರದ್ದಾದರೆ ಹೊಸ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 109. ಕೊಲೆ 302, ಈಗ 103. ಎರಡೂ ಕಲಮಿನ ಕಡತ ಬೇಕು. ಸತ್ತವರನ್ನು ಮಾತ್ರ ನೋಡಿ ‘ಇಷ್ಟು ಜನ 7.65ರಿಂದ ಸತ್ತರು’ ಎಂದರೆ 7.65 ಇಲ್ಲಿ ಹೆಚ್ಚು ಸಿಗುತ್ತದೆ ಎಂದು ಗೊತ್ತಾಗುತ್ತದೆ. ಹೆಚ್ಚು ಕೊಲ್ಲುತ್ತದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿ ಈ ಕೆಲಸಕ್ಕೆ ಆಗದು. ವಶವಾದ ಆಯುಧ ಲೈಸೆನ್ಸಿನದೋ ನಾಡಿನದೋ ಎಂಬ ವಿಂಗಡಣೆ ಅದರಲ್ಲಿದೆ, ಬೋರಿನ ಲೆಕ್ಕ ಇಲ್ಲ. ಎಸ್‌ಪಿ ಕಚೇರಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕು. ಅಪರಾಧ ಸಂಖ್ಯೆ, ಕಲಮು, ಆಯುಧದ ಬಗೆ, ಪ್ರಯೋಗಾಲಯದ ವರದಿಯಲ್ಲಿರುವ ಬೋರು, ಲೈಸೆನ್ಸ್ ಇತ್ತೋ ಇಲ್ಲವೋ, ಗಾಯಾಳು ಉಳಿದನೋ ಇಲ್ಲವೋ ಎಂದು ವರ್ಷವಾರು ಕೇಳು. ‘ಗುಂಡಿನ ದಾಳಿಯ ವಿವರ ಕೊಡಿ’ ಎಂದು ಬರೆದರೆ ಒಂದು ಸಾಲಿನ ಉತ್ತರ ಬರುತ್ತದೆ. ಬಂದ ಪ್ರಕರಣ ನಾಲ್ಕು ಡಜನ್ನು ದಾಟದಿದ್ದರೆ ಶೇಕಡಾವಾರು ಹಾಕಬೇಡ, ಬರೀ ಸಂಖ್ಯೆ ಬರೆ.

‘ಪ್ರಯೋಗಾಲಯದ ವರದಿಯಲ್ಲಿರುವ’ ಎಂದು ಬೇಕಂತಲೇ ಹೇಳಿದೆ. ಮೊದಲ ದಿನದ ಸುದ್ದಿಯಲ್ಲಿ ಬರುವ ಬೋರು ಕಣ್ಣಂದಾಜು. ಗಾಯದ ತೂತು ಅಳೆದು ಬೋರ್ ಹೇಳಲಾಗದು, ಚರ್ಮ ಹಿಗ್ಗಿ ಕುಗ್ಗುತ್ತದೆ. ಎಕ್ಸ್‌ರೇಯಲ್ಲಿ ಗುಂಡು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಖಾಲಿ ಕೊಳವೆಯ ತಳದ ಮುದ್ರೆ ಸ್ವಲ್ಪ ನಂಬಬಹುದು. ‘ಕೆಎಫ್’ ಇದ್ದರೆ ಪುಣೆಯ ಖಡ್ಕಿ ಕಾರ್ಖಾನೆಯದು. ಆದರೆ ಅದು ತೋಟಾದ ಊರು, ಪಿಸ್ತೂಲಿನ ಊರಲ್ಲ. ಇನ್ನೊಂದು, ರಿವಾಲ್ವರು ಖಾಲಿ ಕೊಳವೆಯನ್ನು ಉಗುಳುವುದಿಲ್ಲ, ಒಂದೇ ಗುಂಡಿನ ನಾಡಪಿಸ್ತೂಲೂ ಅಷ್ಟೆ. ನಿನ್ನ ಮೂರನೇ ಭಾಗದಲ್ಲಿ ಆರೋಪಿಯ ಕೈಯಲ್ಲಿ ರಿವಾಲ್ವರಿದೆ, ನೆಲದ ಮೇಲೆ ನಾಲ್ಕು ಖಾಲಿ ಕೊಳವೆ ಬಿದ್ದಿವೆ. ಒಂದೋ ಆಯುಧ ತಪ್ಪು, ಇಲ್ಲ ಪಂಚನಾಮೆಯನ್ನು ನೀನು ಸರಿಯಾಗಿ ಓದಿಲ್ಲ.

ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಯನ್ನು ಪ್ರಸ್ತಾಪಿಸಿದ್ದು ಸರಿ, ಅವರು ನಮ್ಮ ಸಿಂದಗಿ ಸೀಮೆಯವರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರಿಗೆ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರಿಗೆ ಹಾರಿಸಿದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಖಾಲಿ ಕೊಳವೆ ಮತ್ತು ಗುಂಡಿನ ಮೇಲಿನ ಗುರುತುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಅದು. ಬಾಸ್ಟನ್ ಲೆಕ್ಕದಲ್ಲಿ 7.65 ‘ಸಣ್ಣ’ ಬೋರು. ನೂರಾರು ಪ್ರಕರಣ ಒಟ್ಟಿಗೆ ನೋಡಿದಾಗ ಮಾತ್ರ ಬೋರು ಮಾತಾಡುತ್ತದೆ. ಹತ್ತಿರ ನಿಂತು ಗುರಿಯಿಟ್ಟವನ ಕೈಯಲ್ಲಿ ಸಣ್ಣದೂ ಸಾಕು. ಈ ಎರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಬೇಡ.

ಕಾನೂನಿನ ಭಾಗ ಚಿಕ್ಕದು, ಆದರೆ ತಪ್ಪಿದೆ. ನಿಷೇಧಿತ ಬೋರ್ ಎಂದರೆ ಹೆಚ್ಚು ಮಾರಕ ಎಂದು ನೀನು ಬರೆದಿದ್ದೀಯ. ಸೈನ್ಯ, ಪೊಲೀಸರ ಗುಂಡು ಹೊರಗೆ ಸೋರಬಾರದೆಂದು .303, 9 ಎಂ.ಎಂ.ನಂಥವನ್ನು ಸಾಮಾನ್ಯರಿಗೆ ನಿಷೇಧಿಸಿದ್ದು. ಲೈಸೆನ್ಸಿಗೆ ಸಿಗುವ .315 ರೈಫಲು ಪೆಟ್ಟಿನಲ್ಲಿ .303ಕ್ಕೆ ಹೆಚ್ಚು ಕಡಿಮೆ ಇಲ್ಲ, ಖಾನಾಪುರದ ಕಡೆ ಬೆಳೆ ಕಾಯುವವರ 12 ಬೋರು ಹತ್ತಿರದಿಂದ ಯಾವ ಪಿಸ್ತೂಲಿಗೂ ಕಡಿಮೆಯಲ್ಲ. ಬೋರು ನಿಜವಾಗಿ ಲೆಕ್ಕಕ್ಕೆ ಬರುವುದು ಶಿಕ್ಷೆಯಲ್ಲಿ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅನಿಷೇಧಿತ ಬೋರಿನದನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷ, ನಿಷೇಧಿತವಾದರೆ ಏಳರಿಂದ ಹದಿನಾಲ್ಕು. ಹೀಗಾಗಿ ಆರೋಪಿಯ ಕಡೆಯ ವಕೀಲರು ಬೋರಿನ ಮೇಲೆ ಯಾಕೆ ಅಷ್ಟು ವಾದಿಸುತ್ತಾರೆ ಎಂಬುದನ್ನೂ ಬರೆ, ಓದುಗರಿಗೆ ರುಚಿಸುತ್ತದೆ.

ಅಮೆರಿಕದ 2021ರ ಗುಂಡಿನ ಸಾವು 48,830 ಎಂದು ಹಾಕಿದ್ದೀಯ, ಸಂಖ್ಯೆ ಸರಿ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 26,328, ಆತ್ಮಹತ್ಯೆ. ಅಪರಾಧದ ಲೇಖನದಲ್ಲಿ ಅದನ್ನು ಬಿಡಿಸಿ ಹೇಳದಿದ್ದರೆ ಓದುಗ ಎಲ್ಲವನ್ನೂ ಕೊಲೆ ಅಂದುಕೊಳ್ಳುತ್ತಾನೆ.

ಕೊನೆಗೆ, ದೂರದ ಮಾತು. ಚಡಚಣದಲ್ಲಿ ಗುಂಡು ಬಿದ್ದರೆ ವಿಜಯಪುರಕ್ಕಿಂತ ಸೊಲ್ಲಾಪುರ ಹತ್ತಿರ, ಗಾಯಾಳುವನ್ನು ಅಲ್ಲಿಗೇ ಒಯ್ಯುತ್ತಾರೆ. ಎಷ್ಟು ರಕ್ತ ಹೋಯಿತು, ಎಷ್ಟು ಹೊತ್ತಿಗೆ ಆಪರೇಷನ್ ಟೇಬಲ್ ಸಿಕ್ಕಿತು ಎಂಬುದು ಬೋರಿನಷ್ಟೇ ಮುಖ್ಯ. ಅಲ್ಲಿ ಸತ್ತರೆ ಮರಣೋತ್ತರ ಪರೀಕ್ಷೆಯೂ ಅಲ್ಲೇ, ಕಾಗದ ಮರಾಠಿಯಲ್ಲಿ. ನಿಪ್ಪಾಣಿ ಕಡೆಯವರನ್ನು ಕೊಲ್ಹಾಪುರಕ್ಕೆ ಒಯ್ದಾಗಲೂ ಇದೇ ಕಥೆ. ನಿನ್ನ ಪಟ್ಟಿಯಲ್ಲಿ ‘ಬೋರ್ ತಿಳಿದಿಲ್ಲ’ ಎಂದಿರುವ ಖಾನೆಗಳಲ್ಲಿ ಕೆಲವಾದರೂ ಆ ಕಾಗದಗಳಿಂದ ತುಂಬಬಹುದು. ಮರಾಠಿ ಓದಲು ಬರುವವರನ್ನು ಜೊತೆಗೆ ಕರೆದುಕೊಂಡು ಹೋಗು, ಗುಂಡು ತಗುಲಿದ ಹೊತ್ತು ಮತ್ತು ಆಸ್ಪತ್ರೆಗೆ ಸೇರಿದ ಹೊತ್ತು ಎರಡನ್ನೂ ಬರೆದುಕೊಂಡು ಬಾ. ಆಮೇಲೆ ಕರಡು ಕಳಿಸು.

ನಿನ್ನ ಅಣ್ಣ